ಮಾಮಾನ ಕೇಕಿಗೆ ಚಾಕು ಇಟ್ಟವರಿಲ್ಲ

ನಮ್ಮ ಮಾಮಾ ಮಾಡಿದ ಕೇಕುಗಳನ್ನು ನೋಡಿದವರು ಶಹಾಬಾದಿನಿಂದ ಹಿಡಿದು ಚಿಂಚೋಳಿಯವರೆಗೆ ಊರೂರಲ್ಲೂ ಸಿಗುತ್ತಾರೆ. ಅವುಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರಿದ್ದಾರೆ, ಅವಕ್ಕೆ ಕೈ ಮುಗಿದವರಿದ್ದಾರೆ, ಒಬ್ಬರಂತೂ ಒಂದರ ಮೇಲೆ ಕುದಿಯುವ ಹಾಲಿನ ಪಾತ್ರೆ ಇಳಿಸಿದ್ದಾರೆ. ಆದರೆ ಕೊಯ್ದು ತಿಂದವರನ್ನು ಹುಡುಕಿ ನೋಡೋಣ, ಒಬ್ಬರೂ ಸಿಗುವುದಿಲ್ಲ! ಕೇಕು ಮಾಡುವವನಿಗೆ ಇದೆಂಥ ಕೀರ್ತಿ, ನೀವೇ ಹೇಳಿ.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಶಹಾಬಾದಿನ ಒಂದು ಪಾಲಿಶ್ ಕಾರ್ಖಾನೆಯಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುತ್ತ, ತಿಕ್ಕುತ್ತ ಆಯುಷ್ಯದ ಬಹುಪಾಲು ಕಳೆದವನು. ಎದೆಯಲ್ಲಿ ಕಲ್ಲಿನ ಧೂಳು ಕೂತು ಕೆಮ್ಮು ಶುರುವಾದಾಗ ಡಾಕ್ಟರು, ಇನ್ನು ಕಲ್ಲಿನ ಸಹವಾಸ ಬೇಡ ಎಂದರು. ಮಾಮಾ ಮನೆಯಲ್ಲಿ ಕೂತ. ಕೂತವನು ಸುಮ್ಮನೆ ಕೂರಬೇಕಲ್ಲ! ಒಂದು ದಿನ ಅತ್ತೆಯ ಮೊಬೈಲಿನಲ್ಲಿ ಯಾರೋ ಹೆಂಗಸು ಒಂದು ಬೂಟನ್ನು ಚಾಕುವಿನಿಂದ ಕೊಯ್ದು ಬಾಯಿಗೆ ಹಾಕಿಕೊಳ್ಳುವುದನ್ನು ಕಂಡ. ಮೂರು ಸಲ ತಿರುತಿರುಗಿ ನೋಡಿದ ಮೇಲೆ ಅದು ಬೂಟಿನ ಆಕಾರದ ಕೇಕು ಎಂದು ತಿಳಿಯಿತು. ಮೊಬೈಲು ಕೆಳಗಿಟ್ಟು ಅತ್ತೆಗೆ ಹೇಳಿದನಂತೆ: "ಇಷ್ಟ ವರ್ಷ ಕಲ್ಲ ನನ್ನ ಮಾತ ಕೇಳ್ಯದ. ಈ ಮೆತ್ತಂದು ಕೇಳಂಗಿಲ್ಲೇನು?"

ಅಲ್ಲಿಂದ ಅತ್ತೆಯ ಅಡುಗೆಮನೆ ಅತ್ತೆಯ ಕೈತಪ್ಪಿ ಹೋಯಿತು. ಹಳೆಯ ಉಳಿಗಳು ಟ್ರಂಕಿನಿಂದ ಹೊರಬಂದು, ಕುದಿಯುವ ನೀರಿನಲ್ಲಿ ಮಿಂದು, ಚಮಚಗಳ ಪಕ್ಕ ಜಾಗ ಹಿಡಿದವು. ಕೇಕಿನ ಮೈಗೆ ಹೊದಿಸುವುದಕ್ಕೆ ಫಾಂಡಂಟ್ ಎಂಬುದೊಂದು ಬೇಕು. ಸಕ್ಕರೆ ಪುಡಿಯನ್ನು ನಾದಿ ಮಾಡಿದ ಕಣಕ ಅದು, ಹೋಳಿಗೆಯ ಹಾಗೆ ಲಟ್ಟಿಸಬೇಕು. ಪೇಟೆಯಿಂದ ತಂದ ಫಾಂಡಂಟಿನಲ್ಲಿ ಎಲುಬಿನಿಂದ ತೆಗೆದ ಜೆಲಟಿನ್ ಇರುತ್ತದೆ ಎಂದು ಯಾರೋ ಹೇಳಿದ್ದೇ ತಡ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮಾಮಾ ಆ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಒಯ್ದ. ಕಡಲ ಪಾಚಿಯಿಂದ ತೆಗೆದ ಚೀನಾ ಗ್ರಾಸ್ ಕರಗಿಸಿ ಹಾಕಿ ಫಾಂಡಂಟನ್ನು ತಾನೇ ಮಾಡುವುದಕ್ಕೆ ಕಲಿತ. ಕೇಕಿಗೆ ಮೊಟ್ಟೆಯ ಬದಲು ಮೊಸರು. ಲಟ್ಟಿಸಲಿಕ್ಕೆ ಮಣೆಯ ಬದಲು ಕನ್ನಡಿಯಂತೆ ಪಾಲಿಶ್ ಮಾಡಿದ ಫರಸಿ. ಕೇಕು ಬೆಂದ ಮೇಲೆ ಅದರ ತಲೆಯ ಮೇಲೆ ರಸಮಟ್ಟ ಇಟ್ಟು, ಒಳಗಿನ ಗುಳ್ಳೆ ನಟ್ಟನಡುವೆ ನಿಲ್ಲುವವರೆಗೆ ಉಳಿಯಿಂದ ಕೆರೆಯುತ್ತಿದ್ದ.

ಕೆರೆಯುವ ಮೊದಲು ಮೂಗು ಬಾಯಿಗೆ ಟಾವೆಲ್ ಕಟ್ಟಿಕೊಳ್ಳುವುದಂತೂ ಕಡ್ಡಾಯ.

"ಕೇಕ್ ಮಾಡ್ಲಿಕ್ಕ ಮುಖ ಯಾಕ ಕಟ್ಟಕೊಂಡೀರಿ? ಕಳ್ಳತನಕ್ಕ ಹೊಂಟಂಗ ಕಾಣ್ತದ," ಎಂದು ಅತ್ತೆ ಅಂದರೆ, "ಕಟ್ಟದಿದ್ರ ಕೈ ನಡ್ಯಂಗಿಲ್ಲ" ಎನ್ನುತ್ತಿದ್ದ. ಆದರೆ ಸಕ್ಕರೆ ಪುಡಿಯೂ ಪುಡಿಯೇ ತಾನೆ? ಟಾವೆಲ್ ಸಂದಿಯಿಂದ ಒಳಗೆ ಹೋಗಿ ಆಗಾಗ ಕೆಮ್ಮಿಸುತ್ತಿತ್ತು. ಆಗ ನಾವು ಅದಕ್ಕೂ ನಕ್ಕೆವು.

ಮೊದಲ ಕೇಕಿಗೆ ಅವನು ಆರಿಸಿಕೊಂಡ ಆಕಾರ ಯಾವುದು? ಹೂವೇ? ಹೃದಯವೇ? ಇಲ್ಲ, ಒಂದರ ಮೇಲೊಂದು ಜೋಡಿಸಿಟ್ಟ ನಾಲ್ಕು ಫರಸಿ! ಬೂದು ಬಣ್ಣ, ಅಂಚಿನಲ್ಲಿ ಯಂತ್ರದ ಗೀರು, ಒಂದು ಮೂಲೆ ಸ್ವಲ್ಪ ಒಡೆದದ್ದು, ಎಲ್ಲವೂ ಬರೋಬ್ಬರಿ. ಅಡುಗೆ ಕಟ್ಟೆಯ ಮೇಲಿಟ್ಟು, ಅಕ್ಕಪಕ್ಕದವರನ್ನು ಕರೆದು ತರಲು ಹೋದ. ಅಷ್ಟರಲ್ಲಿ ಹಾಲು ಉಕ್ಕಿತು. ಅತ್ತೆ ಗಡಿಬಿಡಿಯಲ್ಲಿ ಪಾತ್ರೆ ಇಳಿಸಿ ಕಣ್ಣಿಗೆ ಬಿದ್ದ ಕಲ್ಲಿನ ಮೇಲಿಟ್ಟಳು. ಪಾತ್ರೆ ಮೆಲ್ಲಗೆ ಒಂದು ಗೇಣು ಕೆಳಗಿಳಿಯಿತು. ಶಹಾಬಾದಿನಲ್ಲೇ ಹುಟ್ಟಿ ಬೆಳೆದ ಅತ್ತೆ, ಕಲ್ಲು ಕುಸಿಯುವುದನ್ನು ಅದೇ ಮೊದಲು ನೋಡಿದ್ದು! ಭೂಕಂಪವೆಂದು ತಿಳಿದು ಬೀದಿಗೆ ಓಡಿದಳು. ಕೇಕು ನೋಡಲು ಬರುತ್ತಿದ್ದವರೂ ಅವಳ ಹಿಂದೆ ಓಡಿದರು.

ಹೆಸರು ಹಬ್ಬಿತು. ಸೇಡಮಿನಲ್ಲಿ ಹೊಸದಾಗಿ ಕಾಳಿನ ಅಂಗಡಿ ತೆರೆಯುತ್ತಿದ್ದ ಸಾಹುಕಾರರೊಬ್ಬರು ತೊಗರಿ ಚೀಲದ ಆಕಾರದ ಕೇಕು ಕೇಳಿದರು. ಮಾಮಾ ಬಾಯಿ ಬಿಚ್ಚಿದ ಚೀಲ ಮಾಡಿದ, ಒಳಗೆ ಫಾಂಡಂಟಿನ ತೊಗರಿ ತುಂಬಿದ. ಒಂದೊಂದು ಕಾಳಿಗೂ ಸೂಜಿಮೊನೆಯಿಂದ ಕಣ್ಣು ಚುಚ್ಚಿದ್ದ! ಅಂಗಡಿಯಲ್ಲಿ ಅದನ್ನು ನಿಜವಾದ ಚೀಲಗಳ ಸಾಲಿನಲ್ಲೇ ಇಟ್ಟರು. ಒಬ್ಬ ದಲಾಲಿ ಬಂದ. ಕಾಳು ಕಂಡರೆ ದಲಾಲಿಗಳ ಕೈ ಕೇಳುತ್ತದೆಯೇ? ನಾಲ್ಕು ಕಾಳು ಎತ್ತಿ ಹಲ್ಲಿನ ನಡುವೆ ಇಟ್ಟು ಕಡಿದು ನೋಡಿದ. ಮೂಲೆಯಲ್ಲಿ ನಿಂತಿದ್ದ ಮಾಮಾನಿಗೆ ಜೀವ ಬಂದಂತಾಯಿತು, ಕಡೆಗೂ ಒಬ್ಬ ಬಾಯಿಗೆ ಹಾಕಿದ! ಓಡಿ ಹೋಗಿ ಕೇಳಿದ: "ರುಚಿ ಹ್ಯಾಂಗದ್ರಿ ಯಜಮಾನ್ರ?"

ದಲಾಲಿ ಪಕ್ಕಕ್ಕೆ ಉಗುಳಿ, "ಹಸಿ ಅದ. ಇನ್ನಾ ನಾಕ ಬಿಸಿಲು ಬೇಕು" ಎಂದು ಮುಂದಿನ ಚೀಲಕ್ಕೆ ಹೋದ.

ಸಾಹುಕಾರರಿಗೆ ಇದು ಎಷ್ಟು ಹಿಡಿಸಿತೆಂದರೆ, ಕೇಕನ್ನು ಕೊಯ್ಯಲೇ ಬಿಡಲಿಲ್ಲ. ಬಂದವರಿಗೆಲ್ಲ ತೋರಿಸಲು ಹಾಗೆಯೇ ಇಟ್ಟುಕೊಂಡರು.

ಚಿತ್ತಾಪುರದ್ದು ಇನ್ನೊಂದು ಕಥೆ. ಅಲ್ಲಿ ನಮ್ಮ ಬೀಗರ ಮನೆಯ ಐದು ವರ್ಷದ ಹುಡುಗಿ ಹುಟ್ಟುಹಬ್ಬಕ್ಕೆ ಎತ್ತಿನ ಕೇಕು ಬೇಕೆಂದು ಹಟ ಹಿಡಿದಿದ್ದಳು. ಮಾಮಾ ಎತ್ತು ಮಾಡಿದ. ಕೋಡಿನ ತುದಿಗೆ ಹಿತ್ತಾಳೆ ಬಣ್ಣದ ಕೋಡಣಸು, ಕೊರಳಿಗೆ ಗೆಜ್ಜೆ, ಹೊಳೆಯುವ ಕಣ್ಣು! ಆದರೆ ಅದು ಮಣ್ಣೆತ್ತಿನ ಅಮಾವಾಸ್ಯೆಯ ವಾರ. ಮನೆಮನೆಯಲ್ಲೂ ಮಣ್ಣಿನ ಎತ್ತು ಮಾಡಿ ಪೂಜಿಸುವ ಆ ದಿನಗಳಲ್ಲಿ ಎತ್ತಿನ ಆಕಾರದ್ದು ಏನೇ ಹೊಸ್ತಿಲು ದಾಟಿದರೂ ಅದರ ಗತಿ ಏನಾಗುತ್ತದೆ ಎಂಬುದು, ಹುಟ್ಟಿದಾಗಿನಿಂದ ಆ ಹಬ್ಬ ಮಾಡುತ್ತ ಬಂದ ಮಾಮಾನಿಗೆ ಹೊಳೆಯಲೇ ಇಲ್ಲ! ಪೆಟ್ಟಿಗೆ ತೆರೆದದ್ದೇ ಹುಡುಗಿಯ ಅಜ್ಜಿ ಸೆರಗು ಹೊದ್ದು ಕೈ ಮುಗಿದರು. ಎತ್ತಿನ ಹಣೆಗೆ ವಿಭೂತಿ ಬಿತ್ತು, ಆರತಿಯಾಯಿತು. ಹುಡುಗಿ ಪ್ಲಾಸ್ಟಿಕ್ ಚಾಕು ಎತ್ತಿದಾಗ ಅಜ್ಜಿ ಚೀರಿದರು.

"ಏ ಹುಚ್ಚಿ! ಬಸವಣ್ಣನ ಕೊಳ್ಳಿಗಿ ಚಾಕು ಹಿಡೀತಿ? ಇಡು ಕೆಳಗ!"

ಹುಡುಗಿ ಅತ್ತಳು. ಎತ್ತು ದೇವರ ಜಗಲಿ ಏರಿತು. ಮೂರನೆಯ ದಿನ ಇರುವೆಗಳು ಬಂದ ಮೇಲೆ ಅದನ್ನು ಮರ್ಯಾದೆಯಿಂದ ಬೇವಿನ ಮರದ ಬುಡಕ್ಕೆ ಒಯ್ದು ಬಿಟ್ಟರಂತೆ. ಮಾಮಾನಿಗೆ ಆ ದಿನವೇ ಧೋತರ, ಟಾವೆಲ್ ಉಡುಗೊರೆ ಕೊಟ್ಟು, ಆಯೇರಿ ಮಾಡಿ ಕಳಿಸಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವನ ಪಕ್ಕ ಕೂತಿದ್ದೆ. ಧೋತರವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಹೇಳಿದ: "ಒಳಗ ಏಲಕ್ಕಿ, ಜಾಜಿಕಾಯಿ ಹಾಕಿದ್ದೆ ಯವ್ವಾ. ರುಚಿ ಹ್ಯಾಂಗಾಗಿತ್ತೋ ಏನೋ. ಒಬ್ರೂ ಹೇಳವ್ರಿಲ್ಲ."

ನಾನು ಏನು ಮಾಡಿದೆ? ನಕ್ಕೆ. "ಬಸವಣ್ಣನ್ನ ಕೇಳು ಮಾಮಾ" ಅಂದೆ.

ಇಲ್ಲಿಯವರೆಗೆ ನೀವೂ ನಕ್ಕಿದ್ದರೆ ತಪ್ಪು ನಿಮ್ಮದಲ್ಲ. ಈ ಕಥೆಗಳನ್ನು ಮದುವೆ ಮನೆಗಳಲ್ಲಿ, ತೊಟ್ಟಿಲು ಕಾರ್ಯಗಳಲ್ಲಿ, ನಮ್ಮ ಶಾಲೆಯ ಟೀಚರುಗಳ ಕೋಣೆಯಲ್ಲಿ ಮಾಮಾನ ಕೆಮ್ಮಿನ ಸಮೇತ ನಟಿಸಿ ತೋರಿಸಿ ನಗಿಸುತ್ತಿದ್ದವಳು ನಾನೇ. ನನಗೆ ಅದಕ್ಕೆ ಸಣ್ಣ ಹೆಸರೂ ಇತ್ತು. ನಗುವಿನ ನಡುವೆ ಒಂದು ವಿಷಯ ನನಗೆ ಕೇಳಿಸಲೇ ಇಲ್ಲ. ಆ ಮನುಷ್ಯ ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದ, ರುಚಿ ಹ್ಯಾಂಗದ ಎಂದು. ನೋಡಲಿಕ್ಕೆ ಛಂದ ಅದ ಎಂದು ಎಲ್ಲರೂ ಹೇಳಿದರು. ಅದನ್ನು ಅವನಿಗೆ ಕಲ್ಲಿನ ಕೆಲಸದಲ್ಲೂ ಹೇಳುತ್ತಿದ್ದರು.

ನನ್ನ ಮಗಳಿಗೆ ಒಂದು ವರ್ಷ ತುಂಬಿತು. ನಾವು ಇರುವುದು ವಾಡಿಯಲ್ಲಿ, ರೈಲ್ವೆ ಕ್ವಾರ್ಟರ್ಸಿನಲ್ಲಿ. ನನ್ನ ಯಜಮಾನರ ಮೇಲಿನ ಸಾಹೇಬರು ಕುಟುಂಬ ಸಮೇತ ಬರುವವರಿದ್ದರು. ಮಾಮಾ ಒಂದು ತಿಂಗಳು ಮೊದಲೇ ಫೋನು ಮಾಡಿದ: "ಕೂಸಿನ ಕೇಕ್ ನಂದು. ಬ್ಯಾರೆ ಯಾರಿಗೂ ಹೇಳಬ್ಯಾಡ ಮತ್ತ."

ನನ್ನ ಕಣ್ಣ ಮುಂದೆ ಏನೇನೋ ಸುಳಿಯಿತು. ಸಿಮೆಂಟ್ ಕಾರ್ಖಾನೆಯ ಊರೆಂದು ಸಿಮೆಂಟ್ ಮೂಟೆಯ ಕೇಕು ತಂದರೆ? ರೈಲಿನ ಚಕ್ರ ತಂದರೆ? ಸಾಹೇಬರ ಎದುರಿಗೆ ರಸಮಟ್ಟ ತೆಗೆದರೆ? ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟೆ.

"ಇಲ್ಲ ಮಾಮಾ, ನಮ್ಮ ಯಜಮಾನ್ರ ಅವ್ವಾರು ಕೇಕ್ ಗೀಕ್ ಬ್ಯಾಡ ಅಂದಾರ. ಬರೇ ಆರತಿ ಮಾಡಿ, ಹೋಳಗಿ ಊಟ ಹಾಕ್ತೀವಿ. ನೀ ಸುಮ್ಮ ಬಾ."

ಆ ಕಡೆಯಿಂದ ಮಾಮಾ "ಆಗ್ಲಿ ಯವ್ವಾ" ಎಂದ. ನಾನು ಫೋನಿಟ್ಟು ಕಲಬುರಗಿಯ ಬೇಕರಿಗೆ ಹೇಳಿ, ಮಗಳ ಫೋಟೋ ಅಚ್ಚು ಹಾಕಿದ ಎರಡಂತಸ್ತಿನ ಕೇಕು ತರಿಸಿದೆ.

ಕಾರ್ಯಕ್ರಮದ ದಿನ ಎಲ್ಲರೂ ಸೇರಿದ್ದರು. ಮೇಣದಬತ್ತಿ ಹಚ್ಚಿಯಾಗಿತ್ತು, ಮಗಳ ಕೈಯಲ್ಲಿ ಚಾಕು ಹಿಡಿಸಿ ನಾನು ಬಗ್ಗಿದ್ದೆ. ಆಗ ಮಾಮಾ ಒಳಗೆ ಬಂದ. ಪ್ಯಾಸೆಂಜರ್ ಗಾಡಿ ತಡವಾಗಿತ್ತಂತೆ. ಎರಡೂ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಹೊಟ್ಟೆಗೆ ಒತ್ತಿ ಹಿಡಿದಿದ್ದ. ಕೇಕು ನೋಡಿದ, ನನ್ನನ್ನು ನೋಡಿದ. ಪೆಟ್ಟಿಗೆಯನ್ನು ಮೆಲ್ಲಗೆ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಸರಿಸಿ ಮುಂದೆ ಬಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಒಂದು ತುಣುಕು ಬಾಯಿಗೆ ಹಾಕಿಕೊಂಡು, "ಭಾಳ ಛಲೋ ಆಗ್ಯದ, ಭಾಳ ಮೆತ್ತಗದ" ಎಂದು ಮೂರು ಮೂರು ಸಲ ಹೇಳಿದ. ಸಾಹೇಬರಿಗೂ ಹೇಳಿದ. ಹೋಗುವಾಗ ಪೆಟ್ಟಿಗೆ ಎತ್ತಿಕೊಂಡು ಹೋದ. ಅದರೊಳಗೇನಿದೆ ಎಂದು ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ ಎಂದು ಈಗ ಹೇಳುತ್ತೇನೆ. ಆಗ, ಕೆಲಸದ ಗಡಿಬಿಡಿ ಎಂದುಕೊಂಡೆ.

ಎರಡು ತಿಂಗಳಿಗೆ ಮಾಮಾನನ್ನು ಆಸ್ಪತ್ರೆಗೆ ಸೇರಿಸಿದರು. ಎದೆ ಪೂರ್ತಿ ಸೋತಿತ್ತು. ಈ ಸಲ ಡಾಕ್ಟರು ಸಕ್ಕರೆ ಪುಡಿಯನ್ನೂ ಬಿಡಿಸಿದರು. ಮನೆಗೆ ಬಂದ ಮೇಲೆ, ಮಗಳನ್ನು ಅವ್ವನ ಹತ್ತಿರ ಬಿಟ್ಟು ನಾನೊಬ್ಬಳೇ ನೋಡಲು ಹೋದೆ. ಮಾಮಾ ದಿಂಬಿಗೊರಗಿ ಕಣ್ಣು ಮುಚ್ಚಿದ್ದ. ಅಡುಗೆಮನೆ ಮತ್ತೆ ಅತ್ತೆಯ ಅಡುಗೆಮನೆಯಾಗಿತ್ತು, ಉಳಿಗಳು ಕಾಣಲಿಲ್ಲ. ನಾನು ತಡೆಯಲಾರದೆ ಕೇಳಿದೆ, ಆ ದಿನ ಪೆಟ್ಟಿಗೆಯಲ್ಲಿ ಏನಿತ್ತು ಅತ್ತಿ?

ಅತ್ತೆ ಚಹಾ ಸೋಸುತ್ತ ಹೇಳಿದಳು: "ಏನೂ ಇರ್ಲಿಲ್ಲ ಯವ್ವಾ. ನೀ ಬ್ಯಾಡಂದ್ರೂ ಕೂಸಿನ ಹಂತ್ಯಾಕ ಬರಿಗೈಲೆ ಹ್ಯಾಂಗ ಹೋಗ್ಲಿ ಅಂತ ಮಾಡಿದ ಸಾದಾ ಗುಂಡನ ಕೇಕ್ ಇತ್ತು. ಎತ್ತಿಲ್ಲ, ಚೀಲಿಲ್ಲ, ಕಲ್ಲಿಲ್ಲ. ನಾ ಕೇಳ್ದೆ, ಇದೇನ್ರಿ ಆಕಾರ ಇಲ್ಲದ್ದು ಮಾಡೀರಿ ಅಂತ. ಆಕಾರ ಮಾಡಿದ್ರ ಮಂದಿ ಕೊಯ್ಯಂಗಿಲ್ಲ ಅಂದ್ರು. ಗಾಡಿಗಿ ಹೊಂಡೂಕಿಂತ ಮೊದಲ ತಾವ ಒಂದ ತುಣುಕು ಕೊಯ್ದು, ಪೆಟ್ಟಿಗ್ಯಾಗ ಅಲ್ಲೇ ಬಾಜೂಕ ಇಟ್ರು. ಒಬ್ರು ಕೊಯ್ದಾರಂತ ಕಂಡ್ರ ಉಳದವ್ರಿಗಿ ಧೈರ್ಯ ಬರ್ತದ ಅಂದ್ರು."

ನಾನು ಮತ್ತೆ ಕೇಳಿದೆ:

"ಮತ್ತ ಅದನ್ನ ಏನ್ ಮಾಡಿದ್ರಿ?"

"ಇಬ್ರೂ ನಾಕ ದಿನ ತಿಂದ್ವಿ. ನನಗ ಕೇಳಿದ್ರ ನಾ ಛಲೋ ಅದ ಅಂತೀನಿ, ಅದು ಅವ್ರಿಗಿ ಗೊತ್ತದ. ನನ್ನ ಮಾತ ಹಿಡ್ಯಂಗಿಲ್ಲ." ಅತ್ತೆ ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದು ಒಂದು ಸಣ್ಣ ಸ್ಟೀಲ್ ಡಬ್ಬಿ ಹೊರಗಿಟ್ಟಳು. "ಇದು ಕೂಸಿನ ಪಾಲು. ಎತ್ತಿಡು ಅಂದಿದ್ರು. ಕೂಸು ತಿನ್ಲಿಕ್ಕ ಬರ್ಲಿಲ್ಲ. ನೀನರ ತಿನ್ನು."

ಅಷ್ಟು ದಿನಗಳಲ್ಲಿ ಕರೆಂಟು ಹೋದಾಗೊಮ್ಮೆ ಕರಗಿ, ಬಂದಾಗೊಮ್ಮೆ ಗಟ್ಟಿಯಾಗಿ, ಆ ತುಣುಕಿನ ಬಿಳಿ ಮೈಯೆಲ್ಲ ಬೆವರಿತ್ತು. ತಟ್ಟೆಯಲ್ಲಿಟ್ಟುಕೊಂಡು ಮಾಮಾನ ಮಂಚದ ಅಂಚಿಗೆ ಹೋಗಿ ಕೂತೆ. ಅವನು ಕಣ್ಣು ಬಿಟ್ಟ. ತಟ್ಟೆ ಕಂಡು ಏಳಲು ನೋಡಿದ, ಆಗಲಿಲ್ಲ. ನಾನು ಮುರಿದು ಬಾಯಿಗೆ ಹಾಕಿಕೊಂಡೆ. ಏಲಕ್ಕಿ ಬಂತು, ಜಾಜಿಕಾಯಿ ಬಂತು, ಅದರ ಹಿಂದೆ ಸಕ್ಕರೆ ಬಂತು. ಬಂದೇ ಬಂತು. ಮಾಮಾ ನನ್ನ ಬಾಯಿಯನ್ನೇ ನೋಡುತ್ತಿದ್ದ. ಭಾಳ ಛಂದ ಅದ ಮಾಮಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನಿಗೆ ಇನ್ನೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಮಾಮಾ, ಸಕ್ರಿ ಜರಾ ಹೆಚ್ಚಾಗ್ಯದ."

ಬಾಗಿಲಲ್ಲಿ ಅತ್ತೆ, "ಏ ಯವ್ವಾ!" ಎಂದಳು. ಮಾಮಾನ ಮುಖ ಅರಳಿತು. ಅಷ್ಟು ದೊಡ್ಡ ನಗು ನಾನು ಅವನ ಮುಖದ ಮೇಲೆ ನೋಡಿಯೇ ಇರಲಿಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ನಡುವೆ ಕೆಮ್ಮು.

"ಹೌದಿಲ್ಲ! ನನಗೂ ಹಂಗೇ ಅನಿಸಿತ್ತು. ಖರೇ ಹೇಳವ್ರು ಒಬ್ರರ ಬೇಕಲ್ಲ! ಮುಂದಿನ ಸಲ ಕಮ್ಮಿ ಮಾಡ್ತೀನಿ."

ಮುಂದಿನ ಸಲ ಇಲ್ಲವೆಂದು ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

"ಹೂಂ ಮಾಮಾ, ಕಮ್ಮಿ ಮಾಡು," ಅಂದೆ.

ಅವನು ತಟ್ಟೆಯನ್ನು ನನ್ನ ಕಡೆ ಇನ್ನಷ್ಟು ಸರಿಸಿದ. "ಇನ್ನೊಂದು ತುತ್ತು ತಿಂದು ನೋಡು. ಎಷ್ಟ ಕಮ್ಮಿ ಮಾಡ್ಲಿ, ಸರಿಯಾಗಿ ಹೇಳು. ಅವಸರ ಮಾಡಬ್ಯಾಡ."