ಅಮ್ಮನಿಗೆ ಎರಡು ಗೋಲಿ

ದೆಹಲಿಗೆ ಬಂದು ಹತ್ತೊಂಬತ್ತು ವರ್ಷವಾದ ಮೇಲೆ ಮನುಷ್ಯನಿಗೆ ತನಗೆ ಹಿಂದಿ ಬರುತ್ತದೆ ಎಂಬ ಸೊಕ್ಕು ಬರುತ್ತದೆ. ನನಗೂ ಬಂದಿತ್ತು. ತರಕಾರಿ ಭಯ್ಯಾನಿಂದ ಕೊತ್ತಂಬರಿ ಸೊಪ್ಪು ಪುಕ್ಕಟೆ ಹಾಕಿಸಿಕೊಳ್ಳುವಷ್ಟು, ಆಟೋದವನ ಜೊತೆ ಜಗಳವಾಡಿ ಸೋಲುವಷ್ಟು ಹಿಂದಿ ನನಗೆ ಖಂಡಿತ ಗೊತ್ತು. ಲಿಂಗ ಮಾತ್ರ ಇವತ್ತಿಗೂ ಹಿಡಿತಕ್ಕೆ ಸಿಕ್ಕಿಲ್ಲ. ನಮ್ಮಲ್ಲಿ ಕುರ್ಚಿ, ರೈಲು, ಲಾರಿ ಎಲ್ಲವೂ ಪಾಪ 'ಅದು'. ಇಲ್ಲಿ ರೈಲು ಹೆಂಗಸು, ಟ್ರಕ್ಕು ಗಂಡಸು. ಯಾವ ಜಡವಸ್ತು ಯಾವಾಗ ಅವಳಾಗುತ್ತದೋ ಹೇಳಲಾಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನೆನೆದರೆ ಈಗಲೂ ಎದೆ ಝಲ್ಲೆನ್ನುವ ಆ ಅನಾಹುತದಲ್ಲಿ ಅರ್ಧ ತಪ್ಪು ಈ ಲಿಂಗದ್ದು. ಇನ್ನರ್ಧ 'ಗೋಲಿ' ಎಂಬ ಮಾತಿನದು. ನಾನು ಹುಡುಗನಾಗಿದ್ದಾಗ ಗೋಲಿ ಎಂದರೆ ಗಾಜಿನದು, ಬೆರಳು ಬಗ್ಗಿಸಿ ಹೊಡೆಯುವಂಥದು. ದೆಹಲಿಯಲ್ಲಿ ಗೋಲಿ ಎಂದರೆ ಮಾತ್ರೆ ಎಂದು ಮೊದಲನೇ ಜ್ವರಕ್ಕೇ ಕಲಿತೆ. ಅಲ್ಲಿಗೆ ಕಲಿಯುವುದು ಮುಗಿಯಿತು ಎಂದುಕೊಂಡೆ.

ಅಮ್ಮ ತುಮಕೂರಿನಿಂದ ಪೀತಮ್‌ಪುರದ ನಮ್ಮ ಮನೆಗೆ ಬಂದು ಮೂರು ತಿಂಗಳಾಗಿತ್ತು. ಮೊಣಕಾಲು ನೋವು. ಕೂರುವಾಗ ಒಂದು 'ಅಯ್ಯಪ್ಪಾ', ಏಳುವಾಗ ಎರಡು. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದು ನಾನು ನಾಲ್ಕು ಸಲ ಹೇಳಿದ್ದೆ. ಸರ್ಕಾರಿ ಕಚೇರಿಯ ಸೆಕ್ಷನ್ ಆಫೀಸರ್ ರಜೆ ಹಾಕಿದರೆ ದೇಶ ನಿಂತುಬಿಡುತ್ತದೆ ಎಂಬುದು ನನ್ನ ಗಾಢ ನಂಬಿಕೆ. ಒಮ್ಮೆ ಅಧಿವೇಶನ ಬಂತು, ಒಮ್ಮೆ ಸಾಹೇಬರಿಗೆ ತುರ್ತು ಟಿಪ್ಪಣಿ ಬೇಕಾಯಿತು, ಒಮ್ಮೆ ಅದೇ ಸಾಹೇಬರ ಮಗಳ ಮದುವೆ. ನಾಲ್ಕನೆಯ ಕಾರಣ ನನಗೇ ಮರೆತಿದೆ. ನಾಲ್ಕು ಸಲವೂ ಅಮ್ಮ ಬೆಳಿಗ್ಗೆಯೇ ಒಳ್ಳೆಯ ಸೀರೆ ಉಟ್ಟು ಸೋಫಾದ ತುದಿಯಲ್ಲಿ ಕೂತಿದ್ದಳು. ನನ್ನ ಹೆಂಡತಿ ಸರೋಜ, "ನಾನೇ ಕರ್ಕೊಂಡು ಹೋಗ್ತೀನಿ ಬನ್ನಿ ಅತ್ತೆ," ಎಂದರೆ, "ಅವನು ಬರ್ತೀನಿ ಅಂದಿದ್ದಾನಲ್ಲ, ಇರಲಿ ಬಿಡು," ಎನ್ನುತ್ತಿದ್ದಳು.

ನಮ್ಮ ಕೆಳಗಿನ ಮನೆಯಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಆರಡಿ ಆಳು, ಬಿಳಿ ಮೀಸೆ. ನಗುವುದು ಅಪರೂಪ. ಒಂದು ಶನಿವಾರ ಬೆಳಿಗ್ಗೆ ಹಾಲು ತರಲು ಇಳಿದಾಗ ಅವರ ವರಾಂಡದ ಮೇಜು ಕಣ್ಣಿಗೆ ಬಿತ್ತು. ಅಕ್ಕಸಾಲಿಗರಲ್ಲಿರುವಂಥ ಪುಟ್ಟ ತಕ್ಕಡಿ, ಒಂದು ಚಿಮಟ, ಬಟ್ಟಲಲ್ಲಿ ಎಂಥದೋ ಕಪ್ಪು ಪುಡಿ, ಸಾಲಾಗಿ ನಿಲ್ಲಿಸಿದ ಹಿತ್ತಾಳೆಯ ಚಿಕ್ಕ ಚಿಕ್ಕ ಕೊಳವೆಗಳು. ಉಸಿರು ಬಿಗಿಹಿಡಿದು ಪುಡಿಯನ್ನು ತೂಗುತ್ತಿದ್ದರು. ಏನು ಸಾಹೇಬರೇ ಎಂದು ಕೇಳಿದೆ. "ಗೋಲಿ ಬನಾತಾ ಹೂಂ, ಮೂರ್ತಿಜಿ," ಎಂದರು. ಮನೆಯಲ್ಲೇ ಗೋಲಿ ಮಾಡುತ್ತಿದ್ದಾರೆ, ಅಂದರೆ ಆಯುರ್ವೇದ! ನನಗೆ ರೋಮಾಂಚನವಾಯಿತು. ಪುಡಿ ಯಾವುದು ಎಂದರೆ 'ಮಸಾಲಾ' ಎಂದರು. ಯಾರಿಗೆ ಎಂದೆ. ಅವರ ದನಿ ಮೆತ್ತಗಾಯಿತು. "ಅಂದರ್ ಬುಡ್ಢಿ ಪಡೀ ಹೈ," ಎಂದರು. ಒಳಗೆ ಮುದುಕಿ ಮಲಗಿದ್ದಾಳೆ, ವಯಸ್ಸು ಎಂಬತ್ತು ದಾಟಿದೆ, ಬಜಾರಿನ ಗೋಲಿ ಅವಳಿಗೆ ಒಗ್ಗುವುದಿಲ್ಲ, ಮಸಾಲೆ ಒಂದು ಕಾಳು ಹೆಚ್ಚಾದರೂ ಅವಳು ತಡೆಯಲಾರಳು, ಹಾಗಾಗಿ ತಾನೇ ತೂಗಿ ತುಂಬುತ್ತೇನೆ, ಭಾನುವಾರ ಹೊರಗೆ ಕರೆದೊಯ್ದು ನಾಲ್ಕು ತಿನ್ನಿಸುತ್ತೇನೆ ಎಂದರು. "ಕೆಲವು ಸಲ ಭುಜಕ್ಕೆ ಒದೀತಾಳೆ," ಎಂದು ಪ್ರೀತಿಯಿಂದ ಭುಜ ಸವರಿಕೊಂಡರು.

ಒದೆ ತಿಂದೂ ತಾಯಿಯ ಸೇವೆ ಮಾಡುವ ಮಗ! ನನ್ನ ಕಣ್ಣು ಒದ್ದೆಯಾಯಿತು. ಮನೆಗೆ ಬಂದು ಹೇಳಿದೆ. ಸರೋಜ ಅಂದಿನಿಂದಲೇ ಮುದುಕಿಗೆಂದು ಡಬ್ಬಿಯಲ್ಲಿ ರಾಗಿ ಗಂಜಿ ಕಳಿಸತೊಡಗಿದಳು. ಸುಬೇದಾರರು ತುಸು ಗಲಿಬಿಲಿಯಿಂದ ತೆಗೆದುಕೊಳ್ಳುತ್ತಿದ್ದರು. ಡಬ್ಬಿ ಮಾತ್ರ ತೊಳೆದು ಫಳಫಳ ಹೊಳೆಯುತ್ತ ವಾಪಸು ಬರುತ್ತಿತ್ತು. ಮುದುಕಿಗೆ ಗಂಜಿ ಹಿಡಿಸಿದೆ ಎಂದು ನಮಗೆಲ್ಲ ಸಂತೋಷ.

ಎರಡು ವಾರ ಕಳೆದ ಮೇಲೆ ನನಗೆ ಜ್ಞಾನೋದಯವಾಯಿತು. ಔಷಧಿ ಕೆಳಗಿನ ಮನೆಯಲ್ಲೇ ತಯಾರಾಗುತ್ತಿರುವಾಗ ರಜೆ ಏಕೆ, ಆಸ್ಪತ್ರೆ ಏಕೆ? ಭಾನುವಾರ ಬೆಳಿಗ್ಗೆ ಹೋಗಿ ಕೈಮುಗಿದು, ನನ್ನ ಅತ್ಯುತ್ತಮ ಹಿಂದಿಯಲ್ಲಿ ಕೇಳಿದೆ: "ಸಾಹೇಬ್, ಮೇರಿ ಮಾ ಕೋ ಭೀ ದೋ ಗೋಲಿ ದೇನಾ ಹೈ." ನನ್ನ ಅಮ್ಮನಿಗೂ ಎರಡು ಗೋಲಿ ಕೊಡಬೇಕು, ಅಂತ.

ಅವರ ಚಿಮಟ ಕೆಳಗೆ ಬಿತ್ತು. ಏಕೆ ಎಂದು ಕೇಳಿದರು. ನಾನು ವಿವರವಾಗಿಯೇ ಹೇಳಿದೆ. ಮೂರು ತಿಂಗಳಿಂದ ನರಳುತ್ತಿದ್ದಾಳೆ, ನನಗೆ ನೋಡಲಾಗುತ್ತಿಲ್ಲ. ಆಫೀಸು ಬಿಟ್ಟು ಡಾಕ್ಟರ ಹಿಂದೆ ಯಾರು ಅಲೆಯುತ್ತಾರೆ, ನಿಮ್ಮ ಒಂದು ಗೋಲಿ ಬಿದ್ದರೆ ಎಲ್ಲ ನೋವೂ ಮುಗಿಯುತ್ತದೆ. ಒಂದರಲ್ಲಿ ಆಗದಿದ್ದರೆ ಇನ್ನೊಂದು. ಅವಳಿಗೆ ಮೊದಲೇ ತಿಳಿಸುವುದು ಬೇಡ, ತಿಳಿದರೆ ಬೇಡ ಅನ್ನುತ್ತಾಳೆ. ಇಷ್ಟು ಹೇಳಿ ಮುಗುಳ್ನಕ್ಕೆ ಕೂಡ. ಸುಬೇದಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗೋಲಿ ಕಟ್ಟಿಕೊಡಲು ಹೋದರೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಸರಿ, ಆಮೇಲೆ ಕೊಟ್ಟಾರು ಎಂದು ತರಕಾರಿಗೆ ಹೋದೆ.

ವಾಪಸು ಬಂದರೆ ಅಮ್ಮ ಮನೆಯಲ್ಲಿಲ್ಲ. "ಸುಬೇದಾರರು ಬಂದು 'ಮಾಜಿ, ಚಲಿಯೇ' ಅಂತ ಅತ್ತೇನ ಕೈಹಿಡಿದು ಕೆಳಗೆ ಕರ್ಕೊಂಡು ಹೋದರು. ಅದಿತಿನೂ ಜೊತೇಲಿ ಹೋದಳು," ಎಂದಳು ಸರೋಜ. ಅದಿತಿ ನಮ್ಮ ಮಗಳು, ಹದಿನೇಳು ವರ್ಷ, ಅಜ್ಜಿಗೂ ದೆಹಲಿಗೂ ನಡುವೆ ದುಭಾಷಿ. ಚಿಕಿತ್ಸೆ ಶುರುವಾಯಿತೆಂದು ಹಿಗ್ಗಿ ಕೆಳಗೆ ಓಡಿದೆ. ಅಮ್ಮ ಅವರ ಸೋಫಾದಲ್ಲಿ ಕಾಲು ಚಾಚಿ, ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಆರಾಮವಾಗಿ ಕೂತಿದ್ದಳು. ಸುಬೇದಾರರು ನನಗೂ ಅವಳಿಗೂ ಅಡ್ಡ ನಿಂತು, "ಬುಡ್ಢಿಯನ್ನು ನೋಡಬೇಕಾ? ನೋಡಿ," ಎಂದು ಮೇಜು ತೋರಿಸಿದರು. ಅಲ್ಲಿ ಮೆತ್ತನೆಯ ಬಟ್ಟೆಯ ಮೇಲೆ, ಮರದ ಹಿಡಿಗೆ ಎಣ್ಣೆ ಹಚ್ಚಿಸಿಕೊಂಡು, ಉದ್ದಕ್ಕೆ ಒಂದು ಬಂದೂಕು ಮಲಗಿತ್ತು.

ಹಿಂದಿಯಲ್ಲಿ ಬಂದೂಕು ಸ್ತ್ರೀಲಿಂಗ. ಸೇನೆ ಬೇಡವೆಂದು ಕೈಬಿಟ್ಟ ಹಳೆಯ ರೈಫಲ್ಲು, ಗೋಡೆಯ ಮೇಲೆ ಅದರ ಲೈಸೆನ್ಸು, ಶೂಟಿಂಗ್ ಕ್ಲಬ್ಬಿನ ಪದಕಗಳು. ಸುಬೇದಾರರು ಹಿತ್ತಾಳೆಯ ಒಂದು ಕೊಳವೆಯನ್ನು ನನ್ನ ಅಂಗೈಗೆ ಹಾಕಿ, "ಯೇ ಹೈ ಗೋಲಿ. ಎರಡು ಬೇಕು ಅಂದಿರಲ್ಲ?" ಎಂದರು. ಅದು ತಣ್ಣಗಿತ್ತು, ಭಾರವಾಗಿತ್ತು, ತುದಿ ಚೂಪಾಗಿತ್ತು. ಬಂದೂಕಿನ ಗುಂಡಿಗೂ ಹಿಂದಿಯಲ್ಲಿ ಗೋಲಿ ಎಂದೇ ಹೆಸರು. ಬೆಳಿಗ್ಗೆ ನಾನು ಆಡಿದ ಮಾತುಗಳು ಒಂದೊಂದಾಗಿ ನೆನಪಾದವು. ನೋಡಲಾಗುತ್ತಿಲ್ಲ. ಒಂದರಲ್ಲಿ ಆಗದಿದ್ದರೆ ಇನ್ನೊಂದು. ಅವಳಿಗೆ ತಿಳಿಸುವುದು ಬೇಡ. ಅಯ್ಯೋ ದೇವರೇ, ಹೆತ್ತ ತಾಯಿಯ ಬಗ್ಗೆ ಹೀಗೆ ಹೇಳಿ ನಾನು ಹೋಗಿ ಬೆಂಡೆಕಾಯಿ ಆರಿಸುತ್ತಿದ್ದೆನಲ್ಲ. 

ತೊದಲುತ್ತ ತೊದಲುತ್ತ ಮಾತ್ರೆ, ಮೊಣಕಾಲು, ಆಯುರ್ವೇದ ಎಂದೆಲ್ಲ ಹೇಳಿದೆ. ಅದಿತಿ ನಕ್ಕು ನಕ್ಕು ನೆಲಕ್ಕೆ ಕೂತಳು. "ಪಪ್ಪಾ, ಆಪ್‌ನೇ ಅಜ್ಜಿಗೆ ಬುಲೆಟ್ ಮಾಂಗಾ?" ಎಂದು ಕೇಳಿ, ಅಜ್ಜಿಗೆ ನಡೆದದ್ದೆಲ್ಲ ಹೇಳಿದಳು. ಸುಬೇದಾರರು ಮಾತ್ರ ನಗಲಿಲ್ಲ. "ಮಾಜಿಯನ್ನೇ ಕೇಳು," ಎಂದರು ಅವಳಿಗೆ, "ನಿಮ್ಮ ಮಗ ಇಂಥ ಕೆಲಸ ಮಾಡುವವನೇ ಅಂತ."

ಅಮ್ಮ ಕನ್ನಡಕ ಸರಿಮಾಡಿಕೊಂಡಳು. ನನ್ನನ್ನು ನೋಡಿದಳು. ತಕ್ಷಣ 'ಇಲ್ಲ' ಎನ್ನುತ್ತಾಳೆ ಎಂದು ಕಾದೆ. ಅವಳು ನಿಧಾನವಾಗಿ ಯೋಚಿಸಿದಳು.

"ಛೇ, ಇವನು ಮಾಡಲ್ಲ," ಎಂದಳು. "ಅದಕ್ಕೂ ಒಂದು ದಿನ ರಜ ಹಾಕಬೇಕಲ್ಲ."

ಅದಿತಿ ಅದನ್ನು ಒಂದು ಅಕ್ಷರವೂ ಬಿಡದೆ ಹಿಂದಿಯಲ್ಲಿ ಹೇಳಿದಳು. ಆಗ ಸುಬೇದಾರರು ನಕ್ಕರು. ಮಾರನೆಯ ದಿನ ನಾನು ರಜೆ ಹಾಕಿದೆ. ದೇಶ ನಿಲ್ಲಲಿಲ್ಲ. ಆಸ್ಪತ್ರೆಗೆ ಸುಬೇದಾರರೂ ಬಂದರು, ಆಟೋದಲ್ಲಿ ನನಗೂ ಅಮ್ಮನಿಗೂ ನಡುವೆ ಕೂತರು. ಡಾಕ್ಟರು ದಿನಕ್ಕೆ ಎರಡು ಗೋಲಿ ಬರೆದುಕೊಟ್ಟರು. ಚೀಟಿ ಸುಬೇದಾರರ ಜೇಬಿಗೆ ಹೋಯಿತು, ಔಷಧಿಯೂ ಅವರ ಮನೆಯಲ್ಲೇ ಇದೆ. ಬೆಳಿಗ್ಗೆ ಒಂದು, ಸಂಜೆ ಒಂದು ಅವರೇ ಮೇಲೆ ತಂದು ಅಮ್ಮನ ಅಂಗೈಯಲ್ಲಿಡುತ್ತಾರೆ. ಅವಳು ನೀರು ಕುಡಿದು ನುಂಗುವವರೆಗೂ ನನ್ನನ್ನೇ ನೋಡುತ್ತಿರುತ್ತಾರೆ.