ಮಾವನ ಸೋವಿಯತ್ ಸಹೋದ್ಯೋಗಿ

ಸೋವಿಯತ್ ದೇಶದ ಹವಾಮಾನ ಉಪಗ್ರಹವೊಂದು ನನ್ನ ಸೋದರಮಾವನ ಸಹೋದ್ಯೋಗಿಯಾಗಿತ್ತು. ಈ ಸಂಗತಿ ಸೋವಿಯತ್ ದೇಶಕ್ಕೆ ಗೊತ್ತಿರಲಿಲ್ಲ, ಅಷ್ಟೆ.

ಎಪ್ಪತ್ತರ ದಶಕದಲ್ಲಿ ಮಾವ ಹೊಸನಗರದಲ್ಲಿ ಮಳೆ ಅಳೆಯುವ ಗುಮಾಸ್ತ. ದಿನಾ ಬೆಳಿಗ್ಗೆ ಎಂಟೂವರೆಗೆ ಕಚೇರಿ ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಒಂದು ಕಣ್ಣು ಮುಚ್ಚಿ, ತೀರ್ಥದಷ್ಟು ಭಕ್ತಿಯಿಂದ ನೋಡಿ ಬರೆದುಕೊಳ್ಳುವರು. ವರದಿಯ ಒಂದು ಪ್ರತಿ ಸರಕಾರಕ್ಕೆ, ಇನ್ನೊಂದು ಆಕಾಶಕ್ಕೆ.

ಉಪಗ್ರಹದ ಪರಿಚಯವಾದದ್ದು ಅವರ ಮನೆಯಲ್ಲಿದ್ದು ಓದುತ್ತಿದ್ದ ನನ್ನ ಗಣಿತ ಪುಸ್ತಕದ ಬೈಂಡಿನ ಮೇಲಿದ್ದ ಚಿತ್ರದಿಂದ. ಆಗ ರಷ್ಯದ ನುಣುಪು ಪತ್ರಿಕೆಗಳಿಗೆ ನಮ್ಮಲ್ಲಿ ಬೇರೆ ಉಪಯೋಗವಿತ್ತೇ? ಅಂದಿನಿಂದ ಮುಸ್ಸಂಜೆ ಚುಕ್ಕಿಯೊಂದು ಸರಿದುಹೋದರೆ ಅದೇ ಎಂದು ತೀರ್ಮಾನ. ಮಾವ ಮನೆಯಂಗಳದಲ್ಲಿ ನೆಟ್ಟಗೆ ನಿಂತು ಕೂಗುವರು: "ಹೊಸನಗರ, ನಲವತ್ತೆರಡು ಮಿಲಿಮೀಟರ್!"

ಮಳೆಗಾಲದಲ್ಲಿ ಚುಕ್ಕಿ ಎಲ್ಲಿ ಬರಬೇಕು? ಆಗ ಕೊಡೆ ಹಿಡಿದು ಮೋಡಕ್ಕೇ ಕೂಗುವರು.

"ಎಂಥ ಕಾಣ್ತದೆ ಅಂತ ಕೂಗ್ತೀರಿ?" ಎಂದು ಅತ್ತೆ ಒಳಗಿನಿಂದ.

"ನಮಗೆ ಕಾಣದಿದ್ರೆ ಏನಾಯ್ತೇ? ಮೇಲಿಂದ ಅದಕ್ಕೆ ಮೋಡದ ಬೆನ್ನು ಮಾತ್ರ ಕಾಣ್ತದೆ. ಕೆಳಗೆ ಎಷ್ಟು ಬಿತ್ತು ಅಂತ ಯಾರು ಹೇಳ್ಬೇಕು?"

"ಅದಕ್ಕೆ ಕನ್ನಡ ಬರ್ತದಾ?"

"ಅಂಕಿ ಬರ್ತದೆ."

ಒಮ್ಮೆ ಸಾಗರದಿಂದ ಬಂದಿದ್ದ ವಿಜ್ಞಾನದ ಮೇಷ್ಟ್ರೊಬ್ಬರು ಕನಿಕರದಿಂದ ಹೇಳಿದರು: "ರಾಯರೇ, ಆ ಉಪಗ್ರಹ ಕೆಟ್ಟು ಎಷ್ಟೋ ವರ್ಷ ಆಯ್ತು. ಸುಮ್ಮನೆ ತಿರುಗ್ತಾ ಇದೆ."

"ರಿಟೈರ್ ಆಗಿದೆ ಅನ್ನಿ. ರಿಟೈರ್ ಆದವರಿಗೆ ಊರಿನ ಸುದ್ದಿ ಹೇಳ್ಬಾರ್ದು ಅಂತ ರೂಲ್ ಇದ್ಯಾ?"

ಮುಂದೆ ಮಾವನೂ ರಿಟೈರ್ ಆದರು. ಮಳೆಮಾಪಕ ಬೇರೆಯವರ ಕೈಸೇರಿತು. ಮಾವ ಅಂಗಳದಲ್ಲಿ ಒಂದು ಗಾಜಿನ ಭರಣಿ ಇಟ್ಟು, ನನ್ನ ಹಳೆಯ ಸ್ಕೇಲಿನಿಂದ ಅಳೆದು, ಕೂಗುವುದನ್ನು ಮುಂದುವರಿಸಿದರು. ಒಂದು ದಿನ ತಪ್ಪಿದರೂ ಇಷ್ಟು ವರ್ಷ ಕೂಗಿದ್ದೆಲ್ಲ ವ್ಯರ್ಥ ಎಂಬುದು ಅವರ ಹಠ.

ಒಂದು ಆಷಾಢದಲ್ಲಿ ಜ್ವರ ಅವರನ್ನು ಕೆಡವಿತು. ನಾನು ನೋಡಲು ಹೋದಾಗ ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಕತ್ತಲಾಗುತ್ತಿದ್ದಂತೆ, "ಇವತ್ತಿಂದು ಹೋಗ್ಲಿಲ್ಲ, ಇವತ್ತಿಂದು ಹೋಗ್ಲಿಲ್ಲ" ಎಂದು ಗೊಣಗತೊಡಗಿದರು.

"ಸಾಯ್ಲಿ ನಿಮ್ಮ ರಷ್ಯ" ಎಂದು ಅತ್ತೆ ಬೈದರು. ಬೈಯುತ್ತಲೇ ಕೊಡೆ ಬಿಚ್ಚಿ ಅಂಗಳಕ್ಕಿಳಿದರು. ಬೆಳಿಗ್ಗೆ ಎಂಟೂವರೆಗೇ ಅತ್ತೆ ಭರಣಿಯ ನೀರು ಅಳೆದಿಟ್ಟಿದ್ದರೆಂದು ನನಗೆ ತಿಳಿದದ್ದು ಆಗಲೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೋಡದ ಕಡೆ ಮುಖಮಾಡಿ, ಒಳಗೆ ಮಲಗಿದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಹೊಸನಗರ, ಅರವತ್ತೊಂದು. ಇವರಿಗೆ ಜ್ವರ. ನಾಳೆಯೂ ನಾನೇ ಹೇಳ್ತೀನಿ."