ಮೀನಿಗೆ ಅಮ್ಮ ಬಂದದ್ದು

ನಮ್ಮ ಚಿಕ್ಕಪ್ಪನಿಗೆ ತಲೆ ಕೆಟ್ಟಿದೆ ಎಂದು ಮಧುಗಿರಿ ಪೇಟೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಮತ್ತೆ ಹೇಳಿ ಬಾಯಿ ನೋಯಿಸಿಕೊಳ್ಳುವುದೇಕೆ! ಒಂದು ದಿನವೂ ಲಿಂಗಪೂಜೆ ತಪ್ಪಿಸದ ಈ ಮನುಷ್ಯ, ತನ್ನ ಅಂಗಡಿಯಿಂದ ತಂದ ದೊಡ್ಡ ಗಾಜಿನ ಭರಣಿಯಲ್ಲಿ ಮನೆಯೊಳಗೇ ಮೀನು ಸಾಕಿದ್ದ. ಹಿತ್ತಲ ಬಾವಿ ಬತ್ತಿದ ಬೇಸಿಗೆಯಲ್ಲಿ, ಹೂಳೆತ್ತುವವರ ಮಂಕರಿಯಿಂದ ಆ ಬೆರಳುದ್ದದ ಪ್ರಾಣಿಯನ್ನು ಜಗಳವಾಡಿ ಬಿಡಿಸಿಕೊಂಡು ಬಂದಿದ್ದನಂತೆ.

ಅದಕ್ಕೆ ಹುಳು ಹಾಕಬೇಕು ಎಂದು ಯಾರೋ ಬುದ್ಧಿ ಹೇಳಿದರು.

"ನಮ್ಮನೆ ಮೀನು ಅಂಥದ್ದೆಲ್ಲ ತಿನ್ನಾಕಿಲ್ಲ ಬುಡ್ರಿ!" ಎಂದು ಚಿಕ್ಕಪ್ಪ ಕಡಲೆಪುರಿ ಪುಡಿ ಉದುರಿಸಿದ. ಭರಣಿಯಲ್ಲಿ ಹುಟ್ಟಿದ ಸೊಳ್ಳೆಮರಿಗಳು ಎಲ್ಲಿ ಮಾಯವಾಗುತ್ತಿದ್ದವೆಂದು ಅವನು ಕೇಳಲಿಲ್ಲ, ಮೀನೂ ಹೇಳಲಿಲ್ಲ.

ನಾನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದೆ. ಬಂದ ವಾರದಲ್ಲೇ ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳೆದ್ದವು. ಪಾಪ, ಅದು ಗಾಜಿಗೆ ಮೈ ಉಜ್ಜಿ ಉಜ್ಜಿ ಒದ್ದಾಡುತ್ತಿತ್ತು. ಚಿಕ್ಕಪ್ಪ ಅಡುಗೆಮನೆಗೆ ಓಡಿ ಬಂದ.

"ಅತ್ತಿಗೆ, ಕೆಟ್ವಿ! ಮೀನಿಗೆ ಅಮ್ಮ ಆಗೈತೆ!"

ಅಮ್ಮ ಎಂದರೆ ಸಿಡುಬು. ಆ ಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವ್ವ ಮಾತ್ರ ಯಾಕೋ ನಗಲಿಲ್ಲ.

ಸರಿ, ಬಾಗಿಲಿಗೆ ಬೇವು ಬಂತು. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಕೂಡದು ನೋಡಿ, ಬಾಣಲೆ ಅಟ್ಟ ಸೇರಿತು. ಬಸುರಿ ನಾಲಗೆ, ಕೇಳಬೇಕೆ?

"ಚಿಕ್ಕಪ್ಪ, ಒಂದೇ ಒಂದು ಚೂರು ಸಾಸಿವೆ ಸಿಡಿಸಿದ್ರೆ ಏನಾಗ್ತೈತೆ?"

"ಸಾಸಿವೆ ಸಿಡಿದಷ್ಟೂ ಗುಳ್ಳೆ ಏಳ್ತವೆ. ತಡ್ಕೊಳವ್ವ."

"ನೀರಾಗಿರೋ ಮೀನಿಗೆ ವಾಸನೆ ಹೆಂಗೆ ಬಡೀತೈತೆ? ಅದಕ್ಕೆ ಮೂಗೆಲ್ಲೈತೆ?"

"ನಿಂಗೈತಲ್ಲ, ಅದನ್ನ ಮುಚ್ಕೊ!"

ಅವನು ಹೊತ್ತುಹೊತ್ತಿಗೆ ತಣ್ಣೀರು ಬದಲಿಸಿದ, ಬೇವಿನ ಸೊಪ್ಪಿನಿಂದ ಭರಣಿಗೆ ಗಾಳಿ ಹಾಕಿದ. ಚುಕ್ಕೆಗಳು ಹೆಚ್ಚಾದವೇ ಹೊರತು ಕಡಿಮೆಯಾಗಲಿಲ್ಲ. ಮೀನು ತಳ ಹಿಡಿದು ಏದುಸಿರು ಬಿಡತೊಡಗಿತು. ಚಿಕ್ಕಪ್ಪ ಊಟ ಬಿಟ್ಟ.

ಬಾಗಿಲಿನ ಬೇವು ಬೀದಿಯ ಬಾಯಿಗೆ ಬಿದ್ದ ಮೇಲೆ ಕೇಳಬೇಕೆ? ಸಿಡುಬಿಗೆ ಚುಚ್ಚುವ ಸರ್ಕಾರದ ಸಾಹೇಬರು ಶಿರಾದಿಂದ ಬಂದೇಬಿಟ್ಟರು. ಅವರ ಹೆಸರು ಕೇಳಿದರೆ ಊರಿನವರೆಲ್ಲ ಮಕ್ಕಳನ್ನು ಬಚ್ಚಿಡುತ್ತಿದ್ದ ಕಾಲ ಅದು. ಚಿಕ್ಕಪ್ಪ ಭರಣಿಯನ್ನೆತ್ತಿಕೊಂಡು ಹೋಗಿ ಬಚ್ಚಲುಮನೆಯ ಹಂಡೆಯ ಹಿಂದೆ ಇಟ್ಟ!

"ಬೀಮಾರಿ ಯಾರಿಗೆ?" ಎಂದರು ಸಾಹೇಬರು.

"ಯಾರಿಗೂ ಇಲ್ಲ ಸ್ವಾಮಿ."

"ಮತ್ತೆ ಈ ಬೇವು?"

"ಸೊಳ್ಳೆ ಕಾಟ."

ಇಂಥ ಸುಳ್ಳನ್ನು ಎಷ್ಟು ಮನೆಯಲ್ಲಿ ಕೇಳಿದ್ದರೋ, ಸಾಹೇಬರು ನೆಟ್ಟಗೆ ಬಚ್ಚಲುಮನೆಗೇ ನುಗ್ಗಿದರು. ಚಿಕ್ಕಪ್ಪ ಭರಣಿಗೆ ಅಡ್ಡ ನಿಂತು ಕೈ ಮುಗಿದ. "ಚುಚ್ಚಬ್ಯಾಡಿ ಸ್ವಾಮಿ, ಬಲು ಸಣ್ಣ ಜೀವ, ತಡ್ಕಣಾಕಿಲ್ಲ!"

ಸಾಹೇಬರು ಬಗ್ಗಿ ನೋಡಿದರು. ಆಮೇಲೆ ಜಗಲಿಯ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬರಿಗೈಯಲ್ಲಿ ಹೋಗಬಾರದೆಂದು ಚಿಕ್ಕಪ್ಪನ ತೋಳಿಗೇ ಚುಚ್ಚಿ ಹೋದರು.

ಭರಣಿ ಬಚ್ಚಲುಮನೆಯಲ್ಲೇ ಉಳಿಯಿತು. ಬಸುರಿಗೆಂದು ಹಂಡೆಯ ಒಲೆ ಆರುತ್ತಲೇ ಇರಲಿಲ್ಲ, ಅದರ ಪಕ್ಕ ಭರಣಿಯ ನೀರೂ ಬೆಚ್ಚಗಾಯಿತು. ಸಂಜೆ ಅವ್ವ ಎಂದಿನಂತೆ ಹಿಡಿ ಉಪ್ಪನ್ನು ನನಗೆ ನಿವಾಳಿಸಿ ದೃಷ್ಟಿ ತೆಗೆದಳು. ಆ ಉಪ್ಪು ನೀರಿನಲ್ಲಿ ಕರಗಿದರೆ ದೃಷ್ಟಿಯೂ ಕರಗುತ್ತದಂತೆ. ಊದಿದ ತೋಳು ಹಿಡಿದುಕೊಂಡು ಚಿಕ್ಕಪ್ಪ ಬಂದ.

"ಅತ್ತಿಗೆ, ಆ ಉಪ್ಪನ್ನ ಭರಣಿಗೇ ಹಾಕಿ."

ನನಗೆ ಮೈಯೆಲ್ಲ ಉರಿಯಿತು. "ಒಗ್ಗರಣೆ ಹೋಯ್ತು. ಈಗ ನನ್ನ ಉಪ್ಪೂ ಮೀನಿಗಾ? ನಾನು ನಿಂಗೆ ಅಷ್ಟು ಅಗ್ಗ ಆಗೋದ್ನಾ?"

ಚಿಕ್ಕಪ್ಪ ತೋಳು ಹಿಡಿದುಕೊಂಡೇ ಹೊರಟುಹೋದ.

"ಬಯ್ಯಬ್ಯಾಡ ಕಣೇ," ಎಂದಳು ಅವ್ವ. "ನೀನು ಕೂಸಾಗಿದ್ದಾಗ ಅಮ್ಮ ಆಗಿ, ಇನ್ನೇನು ಉಸಿರು ನಿಲ್ತೈತೆ ಅನ್ನೋ ಹಂಗಾಗಿತ್ತು. ಮಗು ಉಳಿದ್ರೆ ಬಾವಿಗೆ ಒಂದು ಜೀವ ಬುಡ್ತೀನಿ ಅಂತ ನಿನ್ನ ಚಿಕ್ಕಪ್ಪ ಹರಕೆ ಹೊತ್ತ. ಆವಾಗ ಬುಟ್ಟ ಮೀನೇ ಇದು ಅಂತ ಅವನ ನಂಬಿಕೆ. ಈಗ ನೀನು ತುಂಬಿದ ಬಸುರಿ, ಅದರ ಮೈಮ್ಯಾಲೆ ಗುಳ್ಳೆ. ಅವನಿಗೆ ಅನ್ನ ಇಳೀತೈತಾ?"

ನನ್ನ ಕೈ ತಾನಾಗಿ ಕೆನ್ನೆಯ ಮೇಲಿನ ಹಳೆಯ ಕುಳಿಗಳಿಗೆ ಹೋಯಿತು. ಅಯ್ಯೋ ದೇವರೇ, ಈ ಹುಚ್ಚಪ್ಪ ಇಷ್ಟು ದಿನ ಗಾಳಿ ಹಾಕುತ್ತಿದ್ದದ್ದು ನನಗಾ! ಅವ್ವನ ಕೈಯಿಂದ ಉಪ್ಪು ಇಸಿದುಕೊಂಡು ನಾನೇ ಭರಣಿಗೆ ಹಾಕಿದೆ. ಮಾರನೆಯ ಸಂಜೆಯೂ ಹಾಕಿದೆ.

ಬೆಚ್ಚನೆಯ ನೀರೋ, ಉಪ್ಪೋ, ಚಿಕ್ಕಪ್ಪನ ಹಟವೋ, ಚುಕ್ಕೆಗಳು ಒಂದೊಂದಾಗಿ ಉದುರಿದವು. ಒಂದು ಬೆಳಗ್ಗೆ ಮೀನು ಮೇಲೆ ಬಂದು ಕಡಲೆಪುರಿಗೆ ಬಾಯಿ ಹಾಕಿತು. ಚಿಕ್ಕಪ್ಪ ಭರಣಿಯನ್ನು ತಬ್ಬಿಕೊಂಡು ಬಂದು ಅಡುಗೆಮನೆಯ ಹೊಸ್ತಿಲ ಬಳಿ ನಿಂತ. ಮೀನನ್ನು ನೋಡಲಿಲ್ಲ, ನನ್ನನ್ನೇ ನೋಡಿದ.

"ಇನ್ನೇನು ಭಯ ಇಲ್ಲ ಕಣವ್ವ. ಒಗ್ಗರಣೆ ಹಾಕಿಸ್ಕೊಂಡು ಹೊಟ್ಟೆ ತುಂಬ ಉಣ್ಣು."

"ಯಾಕೆ ಚಿಕ್ಕಪ್ಪ, ಕಣ್ಣಾಗೆ ನೀರು?"

"ಒಗ್ಗರಣೆ ಘಾಟು ಕಣವ್ವ," ಎಂದು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ.

ಅವ್ವ ಇನ್ನೂ ಅಟ್ಟದಿಂದ ಬಾಣಲೆಯನ್ನೇ ಇಳಿಸಿರಲಿಲ್ಲ.